ಅಜ್ಜನ ಬಗ್ಗೆ ಬರೆಯಹೊರಟವಳಿಗೆ

ಪ್ರೀತಿಯ ತಂಗಿಗೆ,

ಇಲ್ಲಿ ಎಲ್ಲ ಕ್ಷೇಮ. ತೀರಿಕೊಂಡ ನಿನ್ನ ಅಜ್ಜನ ಬಗ್ಗೆ ನೀನು ಬರೆದು ಕಳಿಸಿದ ಹನ್ನೆರಡು ಪುಟ ಬಂದು ತಲುಪಿತು. ಪರದೆಯ ಮೇಲೆ ಓದಿದರೆ ನನಗೆ ಓದಿದಂತಾಗುವುದಿಲ್ಲ. ಪೇಟೆಗೆ ಹೋಗುವವರ ಕೈಲಿ ಪ್ರಿಂಟ್ ತೆಗೆಸಿ ತರಿಸಿಕೊಂಡು, ಪೆನ್ಸಿಲ್ ಹಿಡಿದು ಕೂತು ಓದಿದೆ. ಅಜ್ಜ ತೀರಿಕೊಂಡು ವರ್ಷ ತುಂಬುವ ವರ್ಷಾಂತಕ್ಕೆ ಪುಸ್ತಕ ಮಾಡಿ ಬಂದವರಿಗೆಲ್ಲ ಹಂಚಬೇಕು ಅಂತ ನಿನ್ನ ದೊಡ್ಡಪ್ಪನ ಆಸೆ, ಹಾಗಾಗಿ ಬೇಗ ತಿದ್ದಿಕೊಡಿ ಎಂದು ಬರೆದಿದ್ದೀಯ. ತಿದ್ದುವಂಥದ್ದು ಇದರಲ್ಲಿ ಏನೂ ಇಲ್ಲ ಮಾರಾಯ್ತಿ. ಕಾಗುಣಿತ ಸರಿ ಇದೆ, ವಾಕ್ಯ ಸರಾಗವಾಗಿದೆ. ಅಜ್ಜ ಮಾತ್ರ ಇಲ್ಲ.

ಮೊದಲ ಪುಟದಲ್ಲೇ "ಹಗಲಿರುಳೆನ್ನದೆ ದುಡಿದ ಶ್ರಮಜೀವಿ" ಬಂದರು. ಎರಡನೇ ಪುಟದಲ್ಲಿ "ಕುಟುಂಬದ ಆಧಾರಸ್ತಂಭ". ಆಮೇಲೆ "ಕಾಯಕವೇ ಕೈಲಾಸವೆಂದು ನಂಬಿದವರು", "ಸರಳ ಸಜ್ಜನಿಕೆಯ ಮೂರ್ತಿ", "ಕೈಹಿಡಿದ ಕೆಲಸ ಬಿಡದ ಛಲಗಾರ". ನಮ್ಮ ತಾಲೂಕಿನಲ್ಲಿ ಯಾರೇ ಹಿರಿಯರು ತೀರಿಕೊಂಡರೂ ಪೇಪರಿನವರು ಹಾಕುವುದು ಇದೇ ಮಾತು, ಬದಲಾಗುವುದು ಫೋಟೊ ಒಂದೇ. ಇದರಲ್ಲಿ ಸುಳ್ಳು ಏನೂ ಇಲ್ಲ, ನಿನ್ನ ಅಜ್ಜ ದುಡಿದದ್ದು ನಿಜ. ಆದರೆ ಏನು ದುಡಿದರು, ಯಾರ ಜೊತೆ ದುಡಿದರು, ದುಡಿದದ್ದು ಯಾರ ಲೆಕ್ಕಕ್ಕೆ ಹೋಯಿತು, ಈ ಮೂರರಲ್ಲಿ ಒಂದಕ್ಕೂ ನಿನ್ನ ಹನ್ನೆರಡು ಪುಟದಲ್ಲಿ ಉತ್ತರ ಸಿಗಲಿಲ್ಲ.

ಏಳನೇ ಪುಟದ ಒಂದು ಸಾಲು ಬಿಟ್ಟು. "ಮಳೆಗಾಲದಲ್ಲಿ ಅಜ್ಜ ಊಟಕ್ಕೆ ಕೂತರೆ ಬಲಗೈ ಉಗುರೆಲ್ಲ ನೀಲಿಯಾಗಿರುತ್ತಿತ್ತು, ಅಜ್ಜಿ ಬೈಯುತ್ತಿದ್ದರು." ಅಷ್ಟು ಬರೆದವಳು ಮುಂದಿನ ಸಾಲಿನಲ್ಲೇ ಅಜ್ಜನ ದೈವಭಕ್ತಿಗೆ ಹಾರಿಬಿಟ್ಟೆಯಲ್ಲ! ಈ ಒಂದು ಸಾಲನ್ನು ಇಟ್ಟುಕೊಂಡು ಉಳಿದ ಹನ್ನೊಂದೂಮುಕ್ಕಾಲು ಪುಟ ಬದಿಗಿಟ್ಟರೂ ನನಗೆ ಬೇಜಾರಿಲ್ಲ.

ಆ ನೀಲಿ ಮೈಲುತುತ್ತದ್ದು, ತೋಟದ ಔಷಧಿಗೆ ಹಾಕುವ ತಾಮ್ರದ ಸಲ್ಫೇಟಿನದ್ದು. ಅದು ನಿನಗೂ ಗೊತ್ತು. ಆದರೆ ಬೆಂಗಳೂರಿನಲ್ಲೋ ಬೀದರಿನಲ್ಲೋ ಕೂತು ಓದುವವರಿಗೆ ಹೇಗೆ ಗೊತ್ತಾಗಬೇಕು? ಅಡಿಕೆ ತೋಟದ ಯಜಮಾನನ ದುಡಿಮೆಯನ್ನು ಬರೆಯುವುದಾದರೆ ಔಷಧಿ ಹೊಡೆಯುವ ದಿನದಿಂದ ಶುರುಮಾಡು. ಹಿಂದಿನ ಸಂಜೆ ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಇಳಿಬಿಡುತ್ತಾರೆ, ರಾತ್ರಿ ಕಳೆಯುವುದರೊಳಗೆ ಕರಗಬೇಕು. ಸುಣ್ಣ ಬೇರೆ ಪಾತ್ರೆಯಲ್ಲಿ ಅರಳುತ್ತದೆ. ಕಬ್ಬಿಣದ ಪಾತ್ರೆ ಮುಟ್ಟುವ ಹಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡೂ ಕೂಡಿದ ಮೇಲೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ನನ್ನ ದೊಡ್ಡಪ್ಪ ಈ ಕತ್ತಿ ನೋಡುವ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅಲಗನ್ನು ಬೆಳಕಿಗೆ ಹಿಡಿದು, ಒಂದು ಸಲ ಒರೆಸಿ, ಮತ್ತೆ ಅದ್ದಿ, ಮತ್ತೆ ಹಿಡಿದು ನೋಡುವರು. ಮರ ಹತ್ತುವವರು ಎಲೆಅಡಿಕೆಯ ಕವಳ ಹಾಕಿಕೊಂಡು ಕಾಯುತ್ತ ಕೂತಿರುವರು. ಸುಮ್ಮನೆ ತಡಮಾಡುತ್ತಾರೆ ಅಂತ ಅವರಿಗೆ ಅಸಹನೆ, ಇವರಿಗೆ ಅದರ ಪರಿವೆ ಇಲ್ಲ.

ಅಂದಹಾಗೆ ಈ ಔಷಧಿ ನಮ್ಮ ತೋಟಕ್ಕೆ ಬಂದದ್ದಕ್ಕೂ ಒಂದು ಕತೆ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನು ಹತ್ತಿ, ಫ್ರಾನ್ಸಿನ ದ್ರಾಕ್ಷಿತೋಟದವರ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಹೊಡೆಸಿ ನೋಡಿದರು. ಅದಕ್ಕೂ ಮೊದಲು, ಆಮೇಲೂ ಎಷ್ಟೋ ಕಾಲ, ಮಳೆ ತಾಗದಂತೆ ಒಂದೊಂದು ಕೊನೆಗೂ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ನಿನ್ನ ಅಜ್ಜ ಹುಡುಗನಾಗಿದ್ದಾಗ ಕೊಟ್ಟೆ ಕಟ್ಟಿದ್ದನ್ನು ನೋಡಿದ್ದರೋ ಏನೋ, ಅಜ್ಜಿಯನ್ನು ಕೇಳು.

ಆದರೆ ನಾನು ಹೇಳಹೊರಟದ್ದು ಔಷಧಿಯ ವಿಷಯವಲ್ಲ. ಮುಂಗಾರು ಹಿಡಿಯುವ ಮೊದಲು ಒಂದು ಸಲ ಹೊಡೆಯಬೇಕು, ಅದಾಗಿ ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಂದು. ಎರಡನೆಯದು ಬರುವುದು ಸರಿಯಾಗಿ ಜಡಿಮಳೆಯ ಹೊತ್ತಿಗೆ. ಹೊಡೆದದ್ದು ಆರುವ ಮೊದಲು ಮಳೆ ಬಂದರೆ ಔಷಧಿಯೂ ಹೋಯಿತು, ಕೂಲಿಯೂ ಹೋಯಿತು. ನಾಳೆ ಬಿಸಿಲು ಬಂದೀತು ಅಂತ ಇವತ್ತು ಬಿಟ್ಟರೆ ಮರ ಹತ್ತುವವರು ಇನ್ನೊಬ್ಬರ ತೋಟಕ್ಕೆ ಮಾತು ಕೊಟ್ಟುಬಿಟ್ಟಿರುತ್ತಾರೆ. ಕೊಳೆ ಒಂದು ಮರಕ್ಕೆ ಬಂತೆಂದರೆ ವಾರದಲ್ಲಿ ತೋಟದ ತುಂಬ ಎಳೆಗಾಯಿ ಉದುರಿ ಬಿದ್ದಿರುತ್ತದೆ. ಜಗಲಿಯಲ್ಲಿ ನಿಂತು ಮುಗಿಲು ನೋಡುತ್ತಿದ್ದ ಆ ಮನುಷ್ಯ ಇಡೀ ವರ್ಷದ ಅನ್ನವನ್ನು ಒಂದು ಬೆಳಗ್ಗೆ ತೀರ್ಮಾನ ಮಾಡಬೇಕಿತ್ತು. ಮನೆಯಲ್ಲಿ ಆ ಹೊತ್ತಿಗೆ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ ಅಂತ ನೀನೇ ಬರೆದಿದ್ದೀಯ, "ಅಜ್ಜನಿಗೆ ಸಿಟ್ಟು ಜಾಸ್ತಿ" ಎಂಬ ಶೀರ್ಷಿಕೆಯ ಕೆಳಗೆ. ಆ ಸಿಟ್ಟನ್ನು ಅಲ್ಲಿಂದ ತೆಗೆದು ಈ ಬೆಳಗ್ಗೆಯ ಪಕ್ಕ ಇಟ್ಟು ನೋಡು. ನೀನು ವಿವರಿಸಬೇಕಾದ್ದೇ ಉಳಿಯುವುದಿಲ್ಲ.

ಇನ್ನು ಕಾಗದಪತ್ರ. "ಅಜ್ಜ ಬರಿಗೈಯಲ್ಲಿ ಬಂದು ಆರು ಎಕರೆ ಸಂಪಾದಿಸಿದರು" ಎಂದಿದ್ದೀಯ. ಸಂಪಾದಿಸಿದರು ಅಂದರೆ ದುಡ್ಡು ಕೊಟ್ಟು ಕೊಂಡರೋ? ಡಿಕ್ಲರೇಶನ್‌ನಲ್ಲಿ, ಅಂದರೆ ಉಳುವವನೇ ಒಡೆಯ ಕಾನೂನಿನಲ್ಲಿ, ಬಂತೋ? ಬಗರ್‌ಹುಕುಂ ಸಕ್ರಮವಾಯಿತೋ? ಶರಾವತಿ ಅಣೆಕಟ್ಟಿನ ಮುಳುಗಡೆಗೆ ಬದಲಾಗಿ ಸರ್ಕಾರ ಕೊಟ್ಟದ್ದೋ? ಶಿವಮೊಗ್ಗದ ಸಾಗರ ಸೀಮೆಯ ಮಟ್ಟಿಗೆ ಈ ನಾಲ್ಕೂ ನಾಲ್ಕು ಬೇರೆ ಬೇರೆ ಬದುಕು. ಒಂದೇ ಕ್ರಿಯಾಪದದಲ್ಲಿ ನಾಲ್ಕನ್ನೂ ಮುಚ್ಚಿಹಾಕಬೇಡ.

ಅಜ್ಜ ತೀರಿಕೊಂಡಾಗ ಎಂಬತ್ತೆಂಟು ಎಂದಿದ್ದೀಯ. ಹಾಗಾದರೆ 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರು ಹದಿನಾಲ್ಕರ ಹುಡುಗ. ಗೇಣಿ ಅಳೆಯುವ ಕೊಳಗ ದೊಡ್ಡದು ಎಂಬಲ್ಲಿಂದ ಶುರುವಾದ ಜಗಳ, ರೈತ ಮುಖಂಡ ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು, ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಸಿಗದಿರುವುದು ನಿಮ್ಮ ಮನೆಯ ಕಣದಲ್ಲಿ ಆ ವರ್ಷ ಏನಾಯಿತು ಅನ್ನುವುದು. ನಿನ್ನ ಮುತ್ತಜ್ಜ ಅಳೆದು ಕೊಟ್ಟರೋ, ಕೊಡುವುದಿಲ್ಲ ಅಂದರೋ? ಹದಿನಾಲ್ಕರ ಹುಡುಗ ಕಣದ ಅಂಚಿನಲ್ಲಿ ನಿಂತು ಒಡೆಯರ ಕಡೆಯವರು ಕೊಳಗ ತುಂಬುವುದನ್ನು ನೋಡಿದ್ದನೋ? ಅಜ್ಜ ಭತ್ತ ಅಳೆಯುವಾಗ ಎರಡು ಸಲ ಎಣಿಸುತ್ತಿದ್ದರು ಅಂತ ನಿನ್ನ ಅಪ್ಪ ಒಮ್ಮೆ ನನ್ನ ಹತ್ತಿರ ನಗುತ್ತ ಹೇಳಿದ್ದರು. ನಿನ್ನ ಬರಹದಲ್ಲಿ ಅದು ಬಂದೇ ಇಲ್ಲ.

ಡಿಕ್ಲರೇಶನ್ ವಿಷಯಕ್ಕೆ ಬಂದರೆ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಕಾನೂನಿನಲ್ಲಿ ಸರ್ಕಾರದ ಪಾಲಾಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕು ಸ್ಥಾಪಿಸಬೇಕಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಈಗ ಓದುವವರಿಗೆ ಇದು ಸರ್ಕಾರಿ ಕಾಗದ ಅಷ್ಟೆ. ಆಗ ಅದು ಒಡೆಯರ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಕೆಲಸ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅರ್ಜಿ ಹಾಕದೆ ಉಳಿದವರು ಎಷ್ಟು ಮಂದಿ! ಹಾಕಿ, ಆಮೇಲೂ ಒಡೆಯರ ಮನೆಯ ಮದುವೆಗೆ ಬಾಳೆಎಲೆ ಹೊತ್ತು ಹೋದವರನ್ನೂ ನಾನು ಬಲ್ಲೆ, ದಾರಿಯಲ್ಲಿ ಎದುರಾದರೆ ಕೊಡೆ ಅಡ್ಡ ಹಿಡಿದು ದಾಟಿಹೋದವರನ್ನೂ ಬಲ್ಲೆ. ನಿನ್ನ ಅಜ್ಜ ಇದರಲ್ಲಿ ಯಾರು? ಪೆಟ್ಟಿಗೆಯಲ್ಲಿ ನಮೂನೆ 10 ಇದ್ದರೆ ಹಕ್ಕು ಸಿಕ್ಕಿದೆ ಎಂದು ಅರ್ಥ. ಭೂಮಿ ತಂತ್ರಾಂಶದಲ್ಲಿ ಸಿಗುವ ಪಹಣಿಯಲ್ಲಿ ಈ ಕತೆ ಕಾಣುವುದಿಲ್ಲ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿಯ ನಕಲಿಗೆ ಅರ್ಜಿ ಕೊಡು. ಒಂಬತ್ತನೇ ಕಾಲಂನಲ್ಲಿ ಒಡೆಯರ ಹೆಸರು, ಹನ್ನೆರಡರಲ್ಲಿ ಸಾಗುವಳಿ ಮಾಡುವವರ ಹೆಸರು. ಯಾವ ವರ್ಷ ಅಜ್ಜನ ಹೆಸರು ಹನ್ನೆರಡರಿಂದ ಒಂಬತ್ತಕ್ಕೆ ದಾಟಿತು ಅಂತ ನೋಡು. ಒಬ್ಬ ಮನುಷ್ಯನ ಇಡೀ ಯೌವನ ಆ ಎರಡು ಕಾಲಂಗಳ ನಡುವೆ ಕಳೆದಿರುತ್ತದೆ.

ಇದಕ್ಕಿಂತ ನನಗೆ ಇಷ್ಟವಾದ ದಾಖಲೆ ಇನ್ನೊಂದಿದೆ: ಅಡಿಕೆ ಮಂಡಿಯ ಪಟ್ಟಿ, ಅಂದರೆ ಅಡಿಕೆ ಮಾರಿದಾಗ ಮಂಡಿಯವರು ಕೊಡುವ ಲೆಕ್ಕದ ಚೀಟಿ. ನಮ್ಮ ಕಡೆ ಯಾವ ಯಜಮಾನನೂ ಪಟ್ಟಿ ಎಸೆಯುವುದಿಲ್ಲ, ತಂತಿಗೆ ಚುಚ್ಚಿ ತೂಗುಹಾಕಿರುತ್ತಾರೆ. ಅಡಿಕೆಯ ತರಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ದರ ಏನು, ಹಮಾಲಿ ಎಷ್ಟು ಹಿಡಿದರು, ದಲಾಲಿ ಎಷ್ಟು, ಎಲ್ಲದರ ಕೆಳಗೆ ಹಿಂದೆ ಎತ್ತಿದ ಮುಂಗಡ, ಅದರ ಬಡ್ಡಿ. ಅಡಿಕೆ ವರ್ಷಕ್ಕೊಂದು ಸಲದ ಬೆಳೆ; ದುಡ್ಡು ಬೇಕಾಗುವುದು ವರ್ಷವಿಡೀ. ಯಾವ ತಿಂಗಳು ಎಷ್ಟು ಎತ್ತಿದರು ಅನ್ನುವುದನ್ನು ಮದುವೆ, ಬಾಣಂತನ, ಆಸ್ಪತ್ರೆ, ಶಾಲೆ ಫೀಸುಗಳ ಜೊತೆ ಹೊಂದಿಸಿ ನೋಡು, ಮನೆಯ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಣೆಯ ಲೆಕ್ಕ ಇದ್ದರೆ ಅದು ಬಹುಶಃ 1957ರ ನಯಾಪೈಸೆಗಿಂತ ಹಿಂದಿನದು, ನಿನ್ನ ಮುತ್ತಜ್ಜನ ಕಾಲದ್ದು. "ಅಜ್ಜ ಒಂದು ಪೈಸೆ ಸಾಲ ಮಾಡಿದವರಲ್ಲ" ಎಂದು ಹೆಮ್ಮೆಯಿಂದ ಬರೆದಿದ್ದೀಯ. ಪಟ್ಟಿ ನೋಡದೆ ಆ ಸಾಲು ಅಚ್ಚಿಗೆ ಕೊಡಬೇಡ. ಸಾಲ ಮಾಡಿದ್ದರೆ ಅಜ್ಜ ಸಣ್ಣವರಾಗುವುದಿಲ್ಲ. ಎಷ್ಟು ವರ್ಷಕ್ಕೆ ತೀರಿಸಿದರು, ಆ ವರ್ಷಗಳಲ್ಲಿ ಮನೆಯಲ್ಲಿ ಏನನ್ನು ತರಲಿಲ್ಲ ಅಂತ ಬರೆದರೆ ನೀನು ಹೊಗಳದೆಯೇ ಓದುವವರಿಗೆ ಗೌರವ ಬರುತ್ತದೆ.

ಮುಳುಗಡೆಯ ಬಗ್ಗೆ ಒಂದೇ ಪ್ಯಾರಾ ಬರೆದಿದ್ದೀಯ, ಅದೂ ಅಂಕಿ ಅಂಶ. ಅಜ್ಜ ಆ ವಿಷಯ ಮಾತಾಡುತ್ತಿರಲಿಲ್ಲ, ಹಾಗಾಗಿ ಬರೆಯಲು ಏನೂ ಸಿಗಲಿಲ್ಲ ಎಂದಿದ್ದೀಯ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜನಿಗೆ ಆಗ ಇಪ್ಪತ್ತೇಳು, ದೊಡ್ಡಪ್ಪ ತೊಡೆ ಮೇಲಿನ ಕೂಸು. ಆ ವಯಸ್ಸಿಗೆ ಊರು ಬಿಟ್ಟವನು ಮಾತಾಡದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಅವರ ಮೌನವನ್ನು ನಿನ್ನ ಊಹೆಯಿಂದ ತುಂಬಬೇಡ, "ಆ ಕಣ್ಣುಗಳಲ್ಲಿ ಮುಳುಗಿದ ಊರು ಕಾಣುತ್ತಿತ್ತು" ಎಂಬಂಥ ಸಾಲನ್ನಂತೂ ಬೇಡವೇ ಬೇಡ. ಬದಲಿಗೆ ಸುತ್ತಲಿಂದ ಕೇಳುತ್ತ ಬಾ. ಒಂದೇ ಊರಿನವರನ್ನು ಶಿವಮೊಗ್ಗ, ಹೊಸನಗರ, ಶಿಕಾರಿಪುರದ ಕಾಡಂಚುಗಳಿಗೆ ಚೆದುರಿಸಿದ್ದರು. ಅವರಲ್ಲಿ ಎಂಬತ್ತು ದಾಟಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಹತ್ತಿರ ಹೋಗಿ "ಕಷ್ಟ ಆಯಿತಾ" ಅಂತ ಕೇಳಬೇಡ, ಆಯಿತು ಅನ್ನುತ್ತಾರೆ, ಮುಗಿಯಿತು. ಲಾರಿಗೆ ಏನೇನು ಹೇರಿದಿರಿ ಅಂತ ಕೇಳು. ಬಾಗಿಲು, ದಾರಂದ, ತೊಲೆ ಕಿತ್ತುಕೊಂಡು ಬಂದಿರಾ? ದನ ಹೇಗೆ ಹೊಡೆದುಕೊಂಡು ಬಂದಿರಿ? ದೇವರ ಕಲ್ಲು ಯಾರು ಹೊತ್ತರು? ಗೇಣಿ ಜಮೀನು ಮುಳುಗಿದಾಗ ಪರಿಹಾರದ ದುಡ್ಡು ಎಣಿಸಿಕೊಂಡವರು ಯಾರು? ಹೊಸ ಜಾಗದಲ್ಲಿ ಮೊದಲ ಮಳೆಗಾಲ ಯಾವ ಸೂರಿನ ಕೆಳಗೆ ಕಳೆದಿರಿ? ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಸುತ್ತುವ ಮನೆಗಳಿವೆ, ಹಾಗಾಗಿ ಕಾಗದದ ಕಡೆಗೆ ಮಾತು ತಿರುಗಿದರೆ ತಡೆಯಬೇಡ, ಅದೂ ಕತೆಯ ಭಾಗ.

ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಆಗ ಆ ದಿಕ್ಕಿಗೆ ಒಂದು ಸಲ ಹೋಗಿ ಬಾ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಹಿನ್ನೀರಿನ ಮೇಲೆ 2025ರಲ್ಲಿ ಆದಮೇಲೆ ಲಾಂಚಿಗೆ ಕಾಯುವ ಕೆಲಸವೂ ಇಲ್ಲ. ಫೋಟೊ ತೆಗೆಯಲು ಹೋಗಬೇಡ, ದೂರ ಅಂದಾಜು ಮಾಡಲು ಹೋಗು. ನಿಮ್ಮ ಹಳೇ ಮನೆಯಿಂದ ಹೊಸ ಮನೆಗೆ ಎಷ್ಟು ಮೈಲಿ, ದನ ಹೊಡೆದುಕೊಂಡು ನಡೆದರೆ ಎಷ್ಟು ದಿನ ಅಂತ ಮೈಗೆ ಗೊತ್ತಾದರೆ ಆಮೇಲೆ ಬರೆಯುವ ವಾಕ್ಯವೇ ಬೇರೆ ಇರುತ್ತದೆ.

ಈಗ ಕಷ್ಟದ ಮಾತು. ನಿನ್ನ ಹನ್ನೆರಡು ಪುಟದಲ್ಲಿ ಅಜ್ಜಿ ಕಾಣಿಸಿಕೊಳ್ಳುವುದು ಎರಡು ಕಡೆ: ಉಗುರಿನ ನೀಲಿಗೆ ಬೈಯುವಾಗ, ಆಮೇಲೆ "ಅಜ್ಜನಿಗೆ ಹೆಗಲೆಣೆಯಾಗಿ ನಿಂತ ಸಾಧ್ವಿ" ಎಂಬ ಸಾಲಿನಲ್ಲಿ. ಕೊನೆಕೊಯ್ಲಿನ ಕಾಲದಲ್ಲಿ ನಿಮ್ಮ ಮನೆಯಲ್ಲಿ ಅಡಿಕೆ ಸುಲಿದವರು ಯಾರು? ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತವರು, ಅವರಿಗೆಲ್ಲ ಅನ್ನ ಬೇಯಿಸಿದವರು, ಬೆಳಗಿನ ಜಾವ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕಿದವರು, ಅಡಿಕೆ ಬೇಯಿಸುವ ಕೆಂಪು ನೀರಿನ, ಅಂದರೆ ಚೊಗರಿನ, ಹದ ನೋಡಿದವರು, ಅಟ್ಟದ ಮೇಲೆ ಹರವಿದ ಅಡಿಕೆಯನ್ನು ಮೋಡ ಬಂದಾಗ ಬಾಚಿ ತುಂಬಿದವರು? ಅಜ್ಜಿಯ ಬೆರಳು ಚೊಗರಿನಿಂದ ಕಪ್ಪಾಗಿರುತ್ತಿತ್ತೋ ಇಲ್ಲವೋ, ಅದು ನಿನಗೆ ನೆನಪಿದೆಯೋ? ಮರ ಹತ್ತಿದ ಕೊನೆಗೌಡ ಯಾರು? ಮರದಿಂದ ಮರಕ್ಕೆ ಬಾಗಿ ದಾಟುತ್ತ, ಕೆಳಗಿಳಿಯದೆ ಸಾಲಿಗೆ ಸಾಲು ಕೊಯ್ದವನಿಗೂ ಒಂದು ಹೆಸರಿದೆ. ಅವನು ಬದುಕಿದ್ದರೆ ನೀನು ಮೊದಲು ಕೇಳಬೇಕಾದ್ದು ಅವನನ್ನೇ, ಮಕ್ಕಳನ್ನಲ್ಲ. ಅಜ್ಜ ಕೂಲಿ ಸಂಜೆಗೇ ಕೊಡುತ್ತಿದ್ದರೋ, ವಾರಕ್ಕೆ ನಿಲ್ಲಿಸುತ್ತಿದ್ದರೋ, ಊಟಕ್ಕೆ ಎಲ್ಲಿ ಕೂರಿಸುತ್ತಿದ್ದರು, ಮಗಳ ಮದುವೆಗೆ ಅಂತ ಕೇಳಿದಾಗ ಏನು ಕೊಟ್ಟರು, ಇದನ್ನು ಅವನಷ್ಟು ಸರಿಯಾಗಿ ಮನೆಯವರು ಯಾರೂ ಹೇಳಲಾರರು. ಒಮ್ಮೆ ಗೇಣಿಯ ಭಾರ ಹೊತ್ತ ಮನುಷ್ಯ ತಾನು ಯಜಮಾನನಾದ ಮೇಲೆ ಬೇರೆಯವರಿಗೆ ಹೇಗೆ ಅಳೆದು ಕೊಟ್ಟ ಅನ್ನುವುದು ನನ್ನ ಲೆಕ್ಕದಲ್ಲಿ ನಿನ್ನ ಪುಸ್ತಕದ ನಡುಮನೆ. ಉತ್ತರ ಚೆಂದ ಇರಲಿ, ಬಿಡಲಿ, ಬರೆಯಬೇಕು.

ಹಾಗೇ ನಿನ್ನ ಅತ್ತೆಯಂದಿರು. "ಮೂವರು ಹೆಣ್ಣುಮಕ್ಕಳಿಗೂ ಒಳ್ಳೆಯ ಕಡೆ ಮದುವೆ ಮಾಡಿದರು" ಅಂತ ಒಂದು ಸಾಲು. ಗಂಡುಮಕ್ಕಳ ಓದಿಗೆ ಎರಡು ಪುಟ. ನಡುವಿನ ಅತ್ತೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದನ್ನು ನೀನು ಪತ್ರದಲ್ಲಿ ನನಗೆ ಬರೆದೆ, ಪುಸ್ತಕದಲ್ಲಿ ಬರೆಯಲಿಲ್ಲ. ಹಿಸ್ಸೆಯಾದಾಗ ಅವರ ಪಾಲಿಗೆ ಏನು ಬಂತು? 1994ರಲ್ಲಿ ನಮ್ಮ ರಾಜ್ಯದಲ್ಲಿ, 2005ರಲ್ಲಿ ಇಡೀ ದೇಶಕ್ಕೆ ಹೆಣ್ಣುಮಕ್ಕಳ ಪಾಲಿನ ಕಾನೂನು ತಿದ್ದುಪಡಿಯಾದ ಮೇಲೂ ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮನೆಗಳೇ ಹೆಚ್ಚು. ನಿಮ್ಮದು ಹೇಗೆ ಅಂತ ನನಗೆ ಗೊತ್ತಿಲ್ಲ, ಹೇಳಬೇಕಾದ್ದೂ ಇಲ್ಲ. ಆದರೆ ಅತ್ತೆಯನ್ನು ಕೇಳದೆ ಅಜ್ಜನ ಬಗ್ಗೆ ಪುಸ್ತಕ ಮಾಡಿದರೆ ಅದು ಗಂಡುಮಕ್ಕಳ ಪಾಲುಪಟ್ಟಿಯಾಗುತ್ತದೆ. ಕೇಳು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕು, ನಿನ್ನ ತೀರ್ಪು ಸೇರಿಸಬೇಡ. ಅತ್ತೆ "ಅಪ್ಪ ಪಾಪದವರು, ನಮಗೇನೂ ಕಮ್ಮಿ ಮಾಡಲಿಲ್ಲ" ಅಂದರೆ ಅದನ್ನೂ ಹಾಗೇ ಹಾಕು. ಆ ಮಾತಿನ ಹಿಂದೆ ಏನಿದೆ ಅನ್ನುವುದನ್ನು ಓದುವವರು ನೋಡಿಕೊಳ್ಳುತ್ತಾರೆ. ಮುದ್ರಿಸುವ ಮೊದಲು ಆ ಪುಟವನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ತೆಗೆದುಕೋ. ಬೇಡ ಅಂದರೆ ತೆಗೆದುಬಿಡು. ಬದುಕಿರುವವರ ಮರ್ಯಾದೆ ನಿನ್ನ ಪುಸ್ತಕಕ್ಕಿಂತ ದೊಡ್ಡದು.

ದೊಡ್ಡಪ್ಪ ಒಪ್ಪಲಿಕ್ಕಿಲ್ಲ. ಸತ್ತವರ ಬಗ್ಗೆ ಇದೆಲ್ಲ ಯಾಕೆ ಅನ್ನುತ್ತಾರೆ. ಜಗಳ ಮಾಡಬೇಡ. ವರ್ಷಾಂತಕ್ಕೆ ಬೇಕಾದ್ದು ವಂಶವೃಕ್ಷ, ನಾಲ್ಕು ಫೋಟೊ, ಎರಡು ಪುಟ ನಮಸ್ಕಾರ. ಅದನ್ನು ಬೇರೆ ಮಾಡಿಕೊಡು, ಶ್ರಮಜೀವಿ, ಆಧಾರಸ್ತಂಭ ಎಲ್ಲ ಅಲ್ಲಿಗೆ ಸರಿಹೋಗುತ್ತದೆ. ಊಟದ ದಿನ ಓದಲು ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಪುಸ್ತಕಕ್ಕೆ ಗಡುವು ಇಟ್ಟುಕೊಳ್ಳಬೇಡ.

ಸಣ್ಣಪುಟ್ಟ ಸಂಗತಿ ಕೆಲವು. ಹುಟ್ಟಿದ ಇಸವಿಯಿಂದ ಶುರುಮಾಡುವ ಅಗತ್ಯವಿಲ್ಲ. ಅಜ್ಜನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡ. "ಎಂತದು, ಹೋಗ್ಲಾ ಆಚೆ" ಅನ್ನುತ್ತಿದ್ದ ಮನುಷ್ಯ ನಿನ್ನ ನಾಲ್ಕನೇ ಪುಟದಲ್ಲಿ "ಮಗೂ, ಪರಿಶ್ರಮವೇ ಜೀವನದ ಸಾರ" ಎನ್ನುತ್ತಾನೆ, ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಯ ಮಾತು ಮೊಬೈಲಿನಲ್ಲಿ ಹಿಡಿದಿಟ್ಟುಕೋ, ಆದರೆ ಮುಂದೆ ಕೂತು ಸಂದರ್ಶನ ಮಾಡಬೇಡ. ಅಡಿಕೆ ಆರಿಸುವಾಗಲೋ ಸೊಪ್ಪು ಬಿಡಿಸುವಾಗಲೋ ಜೊತೆಗೆ ಕೈ ಹಾಕು, ಕೈ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಅಜ್ಜನ ಅಂಗಿ ಜೇಬಿನಲ್ಲಿ ಕೊನೆಗೆ ಏನೇನಿತ್ತು ಅಂತ ಯಾರಾದರೂ ನೋಡಿದ್ದರೆ ಬರೆದುಕೋ.

ಮಂಡಿ ಪಟ್ಟಿಗಳನ್ನು ತಂತಿಯಿಂದ ಬಿಚ್ಚುವಾಗ ಅನುಕ್ರಮ ತಪ್ಪಿಸಬೇಡ, ಮೇಲಿನಿಂದ ಒಂದೊಂದಾಗಿ ತೆಗೆದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಂಬರ್ ಹಾಕು. ಜಿರಲೆ ತಿಂದಿದ್ದರೂ ಪರವಾಗಿಲ್ಲ. ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಮಾಡಿಸು. ಯಜಮಾನರು ಮನೆಗೆ ಬಂದು ಕೂತು ಯಾರ್ಯಾರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವುದು ಅಲ್ಲೇ. ಆ ಹಿಂಬದಿಗಳನ್ನು ಮೊದಲು ನನಗೆ ಕಳಿಸು, ಬರಹ ಆಮೇಲೆ ಕಳಿಸಿದರೆ ಸಾಕು.

ಇಂತಿ,
ನಿನ್ನ ಅಣ್ಣ